ಕೃತಕ ಶ್ರವಣದ ಇತಿಹಾಸ

ಕಿವುಡಾದ ಕಿವಿಯೊಳಗೆ ಶಸ್ತ್ರಚಿಕಿತ್ಸೆಯಿಂದ ಸೂಕ್ಷ್ಮವಾದ ತಂತಿಗಳನ್ನು ನಿಲ್ಲಿಸಿ, ವಿದ್ಯುತ್ತಿನ ಮೂಲಕ ಶಬ್ದಜ್ಞಾನವನ್ನುಂಟುಮಾಡುವ ಪದ್ಧತಿಯು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಢಿಗೆ ಬಂದಿತು. ಈ ಯಂತ್ರಕ್ಕೆ ಕಾಕ್ಲಿಯರ್ ಇಂಪ್ಲಾಂಟ್ ಎಂದು ಹೆಸರು. ಇದರ ಚರಿತ್ರೆಯನ್ನು ಯಂತ್ರಕೌಶಲದ ಚರಿತ್ರೆಯೆಂದೇ ಭಾವಿಸುವುದು ವಾಡಿಕೆ. ಆದರೆ ಸಂಗತಿಗಳನ್ನು ಕ್ರಮವಾಗಿ ಪರಿಶೀಲಿಸಿದರೆ, ಅದಕ್ಕಿಂತ ಹೆಚ್ಚಾಗಿ ಇದು ಮಾತಿನ ಸ್ವರೂಪವನ್ನು ಕುರಿತ ಒಂದು ಪ್ರಶ್ನೆಯ ಚರಿತ್ರೆಯೆಂದು ಕಂಡುಬರುವುದು. ನುಡಿಯು ನುಡಿಯಾಗಿ ತಿಳಿಯಬೇಕಾದರೆ ನಾದದಲ್ಲಿ ಎಷ್ಟು ಅಂಶ ಉಳಿದರೆ ಸಾಕು ಎಂಬುದೇ ಆ ಪ್ರಶ್ನೆ.

ಒಳಗಿವಿಯಲ್ಲಿ ಶಂಖದಂತೆ ಸುರುಳಿಗೊಂಡ ನಾಳವೊಂದುಂಟು; ಇದೇ ಕರ್ಣಶಂಖ. ಇದರಲ್ಲಿ ಸಾಲುಗೊಂಡಿರುವ ಸುಮಾರು 15,000 ರೋಮಕೋಶಗಳು ನಾದದ ಕಂಪನವನ್ನು ವಿದ್ಯುತ್ಸಂಕೇತವಾಗಿ ಮಾರ್ಪಡಿಸಿ, ಸುಮಾರು 30,000 ಎಳೆಗಳುಳ್ಳ ಶ್ರವಣನರಕ್ಕೆ ಒಪ್ಪಿಸುವುವು. ಶಂಖದ ಬುಡದ ಕೋಶಗಳು ತಾರಸ್ವರಕ್ಕೂ ತುದಿಯ ಕೋಶಗಳು ಮಂದ್ರಸ್ವರಕ್ಕೂ ಸ್ಪಂದಿಸುವುವು. ರೋಮಕೋಶಗಳು ನಾಶವಾದರೂ ನರವು ಎಷ್ಟೋ ಮಟ್ಟಿಗೆ ಉಳಿದಿರುವುದುಂಟು. ಹೀಗೆ ಉಳಿದ ನರವೇ ಕೃತಕ ಶ್ರವಣಕ್ಕೆ ಆಧಾರ.

ವಿದ್ಯುತ್ತಿನಿಂದ ಕಿವಿಯಲ್ಲಿ ಶಬ್ದ ಹುಟ್ಟುವುದೆಂಬ ಸಂಗತಿ ಬಹಳ ಹಿಂದೆಯೇ ತಿಳಿದಿತ್ತು. ಇಟಲಿಯ ಅಲೆಸ್ಸಾಂಡ್ರೋ ವೋಲ್ಟನು ತಾನು ನಿರ್ಮಿಸಿದ ವಿದ್ಯುತ್ಕೋಶಮಾಲೆಯ ಎರಡು ಕೊನೆಗಳನ್ನು ತನ್ನ ಎರಡು ಕಿವಿಗಳಿಗೇ ಸೇರಿಸಿ ನೋಡಿದನು. ತಲೆಯಲ್ಲಿ ಬಲವಾದ ಆಘಾತವಾಗಿ, ಬಳಿಕ ಗಟ್ಟಿಯಾದ ಗಂಜಿ ಕುದಿಯುವಾಗಿನಂಥ ಸದ್ದು ಕೇಳಿಸಿತು. ಅಪಾಯವನ್ನು ಶಂಕಿಸಿ ಅವನು ಆ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದನು. 1800ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ಇದನ್ನು ತಿಳಿಸಿದನು.

ಆ ಮೇಲೆ ಒಂದೂವರೆ ಶತಮಾನಕ್ಕೂ ಮಿಕ್ಕ ಕಾಲ ಕಳೆದು, 1957ರ ಫೆಬ್ರವರಿ 25ರಂದು, ಪ್ಯಾರಿಸ್ಸಿನಲ್ಲಿ ಆಂಡ್ರೆ ಜೂರ್ನೋ ಎಂಬ ವಿಜ್ಞಾನಿಯೂ ಷಾರ್ಲ್ ಏರಿಯೆಸ್ ಎಂಬ ಕರ್ಣವೈದ್ಯನೂ ಕೂಡಿ, ಎರಡು ಕಿವಿಗಳೂ ಕೇಳದಿದ್ದ ಒಬ್ಬ ರೋಗಿಯ ಶ್ರವಣನರಕ್ಕೆ ವಿದ್ಯುತ್ತಂತಿಯನ್ನು ಮುಟ್ಟಿಸಿದರು. ರೋಗಿಗೆ ನಾದದ ಲಯ ತಿಳಿಯಿತು. ಅಭ್ಯಾಸಬಲದಿಂದ ಕೆಲವು ಚಿಕ್ಕ ಮಾತುಗಳನ್ನು ಗುರುತಿಸುವುದೂ ಸಾಧ್ಯವಾಯಿತು. ಆದರೆ ಯಂತ್ರವು ಕೆಲವು ವಾರಗಳಲ್ಲಿಯೇ ಕೆಟ್ಟಿತು. ಅದರ ಸ್ಥಾನದಲ್ಲಿಟ್ಟ ಎರಡನೆಯದೂ ಕೆಟ್ಟಿತು. ಈ ವಾರ್ತೆಯಿಂದ ಪ್ರೇರಿತನಾದ ಲಾಸ್ ಏಂಜಲಿಸ್ಸಿನ ವಿಲಿಯಂ ಹೌಸನು 1961ರಲ್ಲಿ ಇದೇ ಕಾರ್ಯವನ್ನು ಕೈಕೊಂಡನು. ಶರೀರವು ಆ ಸಾಮಗ್ರಿಯನ್ನು ಸಹಿಸದೆ ಹೋದುದರಿಂದ ಅದನ್ನು ತೆಗೆದುಹಾಕಬೇಕಾಯಿತು. ಆದರೂ ಅವನು ಎದೆಗುಂದಲಿಲ್ಲ. ಅವನ ಏಕತಂತು ಯಂತ್ರಕ್ಕೆ 1984ರಲ್ಲಿ ಅಮೆರಿಕದ ಸರ್ಕಾರವು ಅನುಮತಿಯಿತ್ತಿತು.

ಈ ನಡುವೆ ವಿದ್ವಾಂಸರಿಂದ ಪ್ರಬಲವಾದ ಆಕ್ಷೇಪಣೆಗಳು ಬಂದುವು. ಸಾವಿರಾರು ರೋಮಕೋಶಗಳ ಕಾರ್ಯವನ್ನು ಒಂದೆರಡು ತಂತಿಗಳು ನಿರ್ವಹಿಸಲಾರವೆಂಬುದು ಅವರ ವಾದ. ರಾಬರ್ಟ್ ಬಿಲ್ಗರನು 13 ಮಂದಿಯನ್ನು ಪರೀಕ್ಷಿಸಿ 1977ರಲ್ಲಿ ಪ್ರಕಟಿಸಿದ ವರದಿಯು ಎರಡು ಪಕ್ಷಗಳಿಗೂ ಆಧಾರವಾಯಿತು. ತುಟಿಯ ಚಲನೆಯನ್ನು ನೋಡಿ ಮಾತನ್ನು ಗ್ರಹಿಸುವುದರಲ್ಲಿ ಏಕತಂತು ಯಂತ್ರವು ನೆರವಾಗುವುದೆಂದೂ, ಕೇವಲ ಅದರಿಂದಲೇ ಮಾತು ತಿಳಿಯದೆಂದೂ ಅದರಿಂದ ಸಿದ್ಧವಾಯಿತು.

ಆದುದರಿಂದ ತಂತಿಗಳನ್ನು ಹೆಚ್ಚಿಸಿ, ಕರ್ಣಶಂಖದ ಬೇರೆ ಬೇರೆ ಸ್ಥಾನಗಳನ್ನು ಬೇರೆ ಬೇರೆಯಾಗಿ ಪ್ರಚೋದಿಸುವ ಯತ್ನಗಳು ನಡೆದುವು. ವಿಯೆನ್ನಾ ನಗರದಲ್ಲಿ ಇಂಗೆಬೋರ್ಗ್ ಮತ್ತು ಎರ್ವಿನ್ ಹೋಖ್‌ಮೇಯರ್ ದಂಪತಿಗಳು ರಚಿಸಿದ ಬಹುತಂತು ಯಂತ್ರವನ್ನು 1977ರ ಡಿಸೆಂಬರಿನಲ್ಲಿ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಗ್ರೇಮ್ ಕ್ಲಾರ್ಕನು 1978ರ ಆಗಸ್ಟ್ 1ರಂದು ಅಂಥದೇ ಕಾರ್ಯವನ್ನು ನೆರವೇರಿಸಿದನು. ಸುರುಳಿಯೊಳಗೆ ತಂತಿಯನ್ನು ಘಾಸಿಯಾಗದಂತೆ ತೂರಿಸುವ ಬಗೆ ಅವನಿಗೆ ಹೊಳೆದುದು ಕಡಲ ತೀರದಲ್ಲಿ: ಶಂಖದ ಚಿಪ್ಪಿನೊಳಗೆ ಹುಲ್ಲಿನ ಎಸಳನ್ನು ತೂರಿಸಿ ನೋಡಿದಾಗ, ತುದಿಯಲ್ಲಿ ಮೃದುವಾಗಿಯೂ ಬುಡದಲ್ಲಿ ಬಿರುಸಾಗಿಯೂ ಇರುವ ಎಸಳು ಸುಲಭವಾಗಿ ಒಳಸರಿಯಿತು.

ಮೆಲ್ಬರ್ನಿನ ಪರೀಕ್ಷೆಗಳಿಂದ ಮುಖ್ಯವಾದ ಇನ್ನೊಂದು ವಿಷಯ ಹೊರಪಟ್ಟಿತು. ಒಂದೊಂದು ತಂತಿಯನ್ನು ಪ್ರಚೋದಿಸಿದಾಗ ರೋಗಿಗೆ ಒಂದೊಂದು ಸ್ವರಾಕ್ಷರದಂಥ ಧ್ವನಿ ಕೇಳಿಸುತ್ತಿತ್ತು. ಸ್ವರಗಳನ್ನು ಉಚ್ಚರಿಸುವಾಗ ಬಾಯಿಯ ಆಕಾರಕ್ಕನುಗುಣವಾಗಿ ಕೆಲವು ಕಂಪನಗಳು ಪ್ರಬಲಿಸುವುವು. ಅವುಗಳಲ್ಲಿ ಎರಡನೆಯದು 'ಇ'ಕಾರದಲ್ಲಿ ಎತ್ತರದಲ್ಲಿಯೂ 'ಉ'ಕಾರದಲ್ಲಿ ತಗ್ಗಿನಲ್ಲಿಯೂ ಇರುವುದು. ಈ ಎರಡನೆಯ ಕಂಪನವನ್ನು ಮಾತಿನಿಂದ ಆರಿಸಿ ತೆಗೆದು, ತಕ್ಕ ಸ್ಥಾನದ ತಂತಿಗೆ ಕಳುಹಿಸುವಂತೆ ಯಂತ್ರವನ್ನು ರಚಿಸಿದರು. 22 ವಿದ್ಯುದಗ್ರಗಳ ಯಂತ್ರಕ್ಕೆ 1985ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. 1991ರಲ್ಲಿ ಬ್ಲೇಕ್ ವಿಲ್ಸನ್ನನು ಬೇರೊಂದು ಮಾರ್ಗವನ್ನು ತೋರಿಸಿದನು. ಅದರಲ್ಲಿ ಅಂಶಗಳನ್ನು ಆರಿಸುವ ಗೋಜಿಲ್ಲ. ಮಾತನ್ನು ಕೆಲವು ಪಟ್ಟಿಗಳಾಗಿ ವಿಭಾಗಿಸಿ, ಪ್ರತಿಯೊಂದರ ಏರಿಳಿತವನ್ನು ಒಂದಾದ ಮೇಲೊಂದರಂತೆ ಅತಿವೇಗವಾಗಿ ತಂತಿಗಳಿಗೆ ಕಳುಹಿಸುವುದು. ಇದರಿಂದ ಒಂದು ತಂತಿಯ ಪ್ರವಾಹವು ಇನ್ನೊಂದರೊಡನೆ ಕಲೆಯುವ ದೋಷ ಪರಿಹಾರವಾಯಿತು. ಕ್ಲಾರ್ಕ್, ಇಂಗೆಬೋರ್ಗ್ ಹೋಖ್‌ಮೇಯರ್, ವಿಲ್ಸನ್ ಈ ಮೂವರಿಗೆ 2013ರಲ್ಲಿ ಲಾಸ್ಕರ್ ಪ್ರಶಸ್ತಿಯು ಸಂದಿತು.

ಇದು ಹೇಗೆ ಸಾಧ್ಯವಾಯಿತೆಂಬುದನ್ನು ರಾಬರ್ಟ್ ಷಾನನ್ ಮುಂತಾದವರು 1995ರಲ್ಲಿ ಸ್ಪಷ್ಟಪಡಿಸಿದರು. ಮಾತಿನ ಸೂಕ್ಷ್ಮಾಂಶಗಳನ್ನೆಲ್ಲ ಅಳಿಸಿ, ಕೇವಲ ನಾಲ್ಕು ಪಟ್ಟಿಗಳ ಏರಿಳಿತವನ್ನು ಮಾತ್ರ ಉಳಿಸಿದರೂ, ಸದ್ದಿಲ್ಲದ ಸ್ಥಳದಲ್ಲಿ ಚೆನ್ನಾಗಿ ಕಿವಿ ಕೇಳುವವರು ವಾಕ್ಯಗಳನ್ನು ಬಹುಮಟ್ಟಿಗೆ ಗ್ರಹಿಸಬಲ್ಲರೆಂದು ಕಂಡುಬಂದಿತು. ಆಕ್ಷೇಪಿಸಿದ ವಿದ್ವಾಂಸರು ಕಿವಿಯ ರಚನೆಯನ್ನು ಸರಿಯಾಗಿಯೇ ತಿಳಿದಿದ್ದರು. ಮಾತು ಅಷ್ಟು ಅಲ್ಪದಲ್ಲಿ ಬದುಕಬಲ್ಲದೆಂಬುದನ್ನು ಮಾತ್ರ ಅವರು ಊಹಿಸಿರಲಿಲ್ಲ. ಸಂಗೀತಕ್ಕೆ ಈ ಸೌಕರ್ಯವಿಲ್ಲ. ಶ್ರುತಿಯ ಸೂಕ್ಷ್ಮಭೇದವು ಈ ಯಂತ್ರಗಳಲ್ಲಿ ಬಹುಮಟ್ಟಿಗೆ ಲೋಪವಾಗುವುದರಿಂದ, ಮಾತನ್ನು ಸುಲಭವಾಗಿ ಗ್ರಹಿಸುವವರಿಗೂ ರಾಗ ತಿಳಿಯುವುದು ದುಸ್ತರ.

ಒಳಗಿವಿಯು ಶ್ರವಣಕ್ಕೆ ಮಾತ್ರವಲ್ಲದೆ ಶರೀರದ ಸಮತೋಲಕ್ಕೂ ಸ್ಥಾನವಾಗಿದೆ. ತಲೆತಿರುಗುವಿಕೆಗೆ ಒಳಗಿವಿಯ ದೋಷವು ಕಾರಣವಾಗಬಲ್ಲದೆಂದು ಪ್ಯಾರಿಸ್ಸಿನ ಪ್ರಾಸ್ಪೆರ್ ಮೆನಿಯೇರನು 1861ರಲ್ಲಿ ಪ್ರತಿಪಾದಿಸಿದನು. ಅಲ್ಲಿಯ ಮೂರು ಅರ್ಧವೃತ್ತ ನಾಳಗಳು ಕೆಟ್ಟವರಿಗೆ, ನಡೆಯುವಾಗ ಎದುರಿನ ಲೋಕವೇ ಕುಣಿದಂತೆ ಕಾಣುವುದು. ತಲೆಯ ಚಲನೆಯನ್ನು ಅಳೆದು ಆ ನಾಳಗಳ ನರಗಳಿಗೆ ತಿಳಿಸುವ ಯಂತ್ರವನ್ನು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದವರು 8 ಮಂದಿಗೆ ಅಳವಡಿಸಿ 2021ರಲ್ಲಿ ಫಲವನ್ನು ಪ್ರಕಟಿಸಿದರು. ನಿಲುವೂ ನಡಿಗೆಯೂ ಒಟ್ಟಿನಲ್ಲಿ ಉತ್ತಮಗೊಂಡುವು; ಆದರೆ ಆ ಕಿವಿಯ ಶ್ರವಣಶಕ್ತಿಯು ಕೆಲವರಲ್ಲಿ ಸ್ವಲ್ಪವಾಗಿಯೂ ಕೆಲವರಲ್ಲಿ ಬಹಳವಾಗಿಯೂ ಕುಂದಿತು.

ಶ್ರವಣಯಂತ್ರದ ಚರಿತ್ರೆಯಲ್ಲಿ ಅತ್ಯಂತ ತೀವ್ರವಾದ ವಿವಾದವು ಮಕ್ಕಳನ್ನು ಕುರಿತದ್ದು. 1990ರಲ್ಲಿ ಅಮೆರಿಕದಲ್ಲಿ ಎರಡು ವರ್ಷ ತುಂಬಿದ ಮಕ್ಕಳಿಗೂ ಇದನ್ನು ಅನುಮತಿಸಿದಾಗ, ಅಲ್ಲಿಯ ಕಿವುಡರ ರಾಷ್ಟ್ರೀಯ ಸಂಘವು 1991ರಲ್ಲಿ ಪ್ರತಿಭಟಿಸಿತು. ಅದಕ್ಕೆ ಹಿನ್ನೆಲೆಯಿಲ್ಲದಿರಲಿಲ್ಲ. 1880ರಲ್ಲಿ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವು ಕೈಸನ್ನೆಯ ಭಾಷೆಯನ್ನು ಕಿವುಡರ ಶಾಲೆಗಳಿಂದ ಹೊರಗಿಡಬೇಕೆಂದು ನಿರ್ಣಯಿಸಿತ್ತು. ಅದು ವ್ಯಾಕರಣವುಳ್ಳ ಪೂರ್ಣಭಾಷೆಯೆಂಬುದನ್ನು ವಿಲಿಯಂ ಸ್ಟೋಕೀ 1960ರಲ್ಲಿ ತೋರಿಸಿದನು. 2000ದಲ್ಲಿ ಸಂಘವು ತನ್ನ ನಿಲುವನ್ನು ಸಡಿಲಿಸಿ, ಯಂತ್ರವನ್ನು ಒಂದು ಸಾಧನವೆಂದು ಅಂಗೀಕರಿಸಿತು. ಎರಡು ಪಕ್ಷಗಳಿಗೂ ಒಪ್ಪಿಗೆಯಾದ ಸಂಗತಿಯೊಂದುಂಟು: ಎಳೆತನದಲ್ಲಿ ಯಾವ ಭಾಷೆಯೂ ದೊರೆಯದೆ ಹೋದ ಮಗುವಿಗೆ ಆ ನಷ್ಟವನ್ನು ಮುಂದೆ ತುಂಬಿಕೊಡುವುದು ಬಹು ಕಷ್ಟ. ಕೆಲವೇ ತಂತಿಗಳ ಸಂಕೇತದಿಂದ ನುಡಿಯನ್ನು ಕಟ್ಟಿಕೊಳ್ಳಬಲ್ಲ ಮನಸ್ಸು ಕೈಸನ್ನೆಯಿಂದಲೂ ಅದನ್ನು ಕಟ್ಟಿಕೊಳ್ಳಬಲ್ಲದು. ಆದುದರಿಂದ ಒಂದನ್ನು ಕೊಡುವುದಕ್ಕಾಗಿ ಇನ್ನೊಂದನ್ನು ನಿಷೇಧಿಸುವುದಕ್ಕೆ ಈ ಚರಿತ್ರೆಯಲ್ಲಿ ಯಾವ ಆಧಾರವೂ ದೊರೆಯುವುದಿಲ್ಲ.