ಹನ್ನೆರಡನೆಯದಾಗಿ ಬಂದ ಮಗು: 1823ರ ಬಳ್ಳಾರಿ ಜಿಲ್ಲೆಯ ಶಾಲಾ ವರದಿ ಮತ್ತು ಆದವಾನಿ ಸೀಮೆ

ಇವತ್ತು ಒಂದೇ ಒಂದು ದಾಖಲೆಯನ್ನಿಟ್ಟುಕೊಂಡು ಮಾತಾಡ್ತೀನಿ. ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಮದರಾಸಿನ ರೆವಿನ್ಯೂ ಬೋರ್ಡಿಗೆ ಬರೆದ ವರದಿ ಅದು. ನಮ್ಮಲ್ಲಿ ಹಲವರು ಇದನ್ನ ಧರಂಪಾಲ್ ಅವರು 1983ರಲ್ಲಿ ಪ್ರಕಟಿಸಿದ ‘ದಿ ಬ್ಯೂಟಿಫುಲ್ ಟ್ರೀ’ ಪುಸ್ತಕದ ಮೂಲಕ ಓದಿದ್ದೇವೆ. ಈ ವರದಿಯ ಅಂಕಿಗಳ ಮೇಲೆ ಬಹಳ ಚರ್ಚೆ ಆಗಿದೆ. ಆ ಅಂಕಿಗಳ ಒಳಗಿದ್ದ ಮಗುವಿನ ಮೈಗೆ ಏನಾಗ್ತಿತ್ತು ಅನ್ನೋದು ಮಾತ್ರ ಚರ್ಚೆಯಲ್ಲಿ ಹಿಂದೆ ಉಳಿದಿದೆ. ನನ್ನ ಪ್ರಬಂಧ ಅಷ್ಟರ ಬಗ್ಗೆ.

ದಾಖಲೆ ಮತ್ತು ಸೀಮೆ

ಮೊದಲು ಜಾಗದ ವಿಷಯ. 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ‘ದತ್ತ ಮಂಡಲ’ದಲ್ಲಿ ಆದವಾನಿಯೂ ಇತ್ತು. 1808ರಲ್ಲಿ ಆ ಪ್ರದೇಶವನ್ನ ಬಳ್ಳಾರಿ, ಕಡಪ ಅಂತ ಎರಡು ಜಿಲ್ಲೆ ಮಾಡಿದಾಗ ಆದವಾನಿ ಬಳ್ಳಾರಿಗೆ ಸೇರಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದವಾನಿ, ಆಲೂರು, ರಾಯದುರ್ಗ ಈ ಮೂರು ತಾಲೂಕುಗಳು ಆ ಕಡೆ ಹೋದವು. ಬಳ್ಳಾರಿ ಮತ್ತು ಉಳಿದ ತಾಲೂಕುಗಳು ಮೈಸೂರಿಗೆ ಬಂದವು. ಆದವಾನಿ, ಆಲೂರು ಕರ್ನೂಲು ಜಿಲ್ಲೆಗೆ ಸೇರಿದ್ದು ಆವಾಗಲೇ. ಅಂದ್ರೆ ಇವತ್ತಿನ ಆದೋನಿ, ಕೌತಾಳ, ಹೊಳಗುಂದ, ಹಾಲಹರವಿ, ಕೋಸಿಗಿ ಕಡೆಯ ಶಾಲೆಗಳ ಹಿಂದಿನ ಚರಿತ್ರೆ ಹುಡುಕೋರು ಬಳ್ಳಾರಿಯ ದಾಖಲೆಗಳನ್ನೇ ತೆರೀಬೇಕು.

ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರ ಜೂನ್ 25ರ ಟಿಪ್ಪಣಿಯಲ್ಲಿ ಪ್ರಾಂತ್ಯದ ಎಲ್ಲಾ ಶಾಲೆಗಳ ಲೆಕ್ಕ ಕೇಳಿದ. ಅದಕ್ಕೆ ಕ್ಯಾಂಪ್‌ಬೆಲ್ ಕೊಟ್ಟ ಲೆಕ್ಕ ಹೀಗಿದೆ: ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ವಿದ್ಯಾರ್ಥಿಗಳು 6,641. ಕನ್ನಡ ಶಾಲೆಗಳು 235, ತೆಲುಗು 226, ಮರಾಠಿ ಮತ್ತು ಸಂಸ್ಕೃತ ತಲಾ 23, ಪರ್ಶಿಯನ್ 21, ತಮಿಳು 4, ಇಂಗ್ಲಿಷ್ ಒಂದೇ ಒಂದು. ಹೆಣ್ಣುಮಕ್ಕಳು ಇಡೀ ಜಿಲ್ಲೆಗೆ 60. ಇವು ಆದವಾನಿಯೊಂದರ ಅಂಕಿಗಳಲ್ಲ, ಇಡೀ ಜಿಲ್ಲೆಯವು. ಈಗಿನ ಅನಂತಪುರ ಕೂಡ ಆಗ ಇದರೊಳಗೇ ಇತ್ತು.

ಈ 533 ಹೆಚ್ಚೋ ಕಡಿಮೆಯೋ ಅನ್ನೋದೇ ಇಷ್ಟು ದಿನದ ವಾದ. ಹೆಚ್ಚು ಅನ್ನೋರು ಇದರಲ್ಲಿ ನಮ್ಮ ಹಳೇ ವಿದ್ಯೆಯ ಹೆಮ್ಮೆ ಕಾಣ್ತಾರೆ, ಕಡಿಮೆ ಅನ್ನೋರು ಯಾರ‍್ಯಾರಿಗೆ ಶಾಲೆಯ ಬಾಗಿಲು ತೆರೆದಿರಲಿಲ್ಲ ಅನ್ನೋದನ್ನ ತೋರಿಸ್ತಾರೆ. ಕ್ಯಾಂಪ್‌ಬೆಲ್ ತಾನೇ, ಮೊದಲು ಶಾಲೆ ಇದ್ದ ಎಷ್ಟೋ ಊರುಗಳಲ್ಲಿ ಈಗ ಇಲ್ಲ, ನಾಡಿಗೆ ಬಡತನ ಬಂದದ್ದೇ ಕಾರಣ ಅಂತ ಒಪ್ಪಿಕೊಳ್ತಾನೆ. ಎರಡೂ ವಾದಗಳಲ್ಲಿ ಹುರುಳಿದೆ. ಆದ್ರೆ ಎರಡರಲ್ಲೂ ಮಗು ಬರೀ ಎಣಿಕೆಗೆ ಸಿಗೋ ತಲೆ.

ಹಲಗೆ, ಕಡತ, ಬಳಪ

ಈ ವರದಿಯ ದಿನಚರಿಯ ಭಾಗವನ್ನ ಎಷ್ಟರಮಟ್ಟಿಗೆ ನಂಬಬಹುದು? ನಮ್ಮ ವಿಷಯ ಭಾಷೆಯಾದ್ದರಿಂದ ಭಾಷೆಯ ಸಾಕ್ಷಿಯನ್ನೇ ಕೊಡ್ತೀನಿ. ಮಕ್ಕಳು ಮೊದಲು ಮರಳಿನಲ್ಲಿ ಬೆರಳಿಂದ ಅಕ್ಷರ ತಿದ್ದುತ್ತಾರೆ, ಆಮೇಲೆ ‘ಹುಲ್ಲಿಗಿ’ ಅಥವಾ ‘ಕಡತ’ದ ಮೇಲೆ ‘ಬುಲ್ತಪ’ದಿಂದ ಬರೀತಾರೆ ಅಂತ ವರದಿ ಹೇಳುತ್ತೆ. ಇಂಗ್ಲಿಷ್ ಕಾಗುಣಿತ ಬಿಡಿಸಿದರೆ ಇವು ನಮ್ಮ ಹಲಗೆ, ಕಡತ, ಬಳಪ. ಹಲಗೆ ಅಂದ್ರೆ ಅಡಿ ಅಗಲ, ಮೂರಡಿ ಉದ್ದದ ಮರದ ತುಂಡು, ಅದಕ್ಕೆ ಅನ್ನ ಮತ್ತು ಇದ್ದಿಲ ಪುಡಿ ಬಳೀತಿದ್ರು. ಕಡತ ಅಂದ್ರೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದ ಹಾಗೆ ಮಡಚಿದ ಬಟ್ಟೆ. ಕಚೇರಿಯ ಫೈಲಿಗೆ ನಾವು ಈಗ ಇದೇ ಹೆಸರು ಹೇಳ್ತೀವಿ.

ತೆಲುಗಿನಲ್ಲಿ ಇದು ‘ಪಲಕ’. ಹಳಗನ್ನಡದ ಪಕಾರ ಹಕಾರ ಆದದ್ದು ಕನ್ನಡದಲ್ಲಿ. ಕ್ಯಾಂಪ್‌ಬೆಲ್ 1816ರಲ್ಲೇ ತೆಲುಗು ವ್ಯಾಕರಣ ಬರೆದವನು, ‘ಪಲಕ’ ಅವನಿಗೆ ತಿಳೀದ ಮಾತಲ್ಲ. ಆದರೂ ಅವನ ಕಾಗದದಲ್ಲಿ ಹಕಾರದ ರೂಪವೇ ಬಂದಿದೆ. ಹಾಗಾಗಿ ಈ ವಿವರ ಕನ್ನಡ ಬಾಯಿಯವರಿಂದ, ಕನ್ನಡ ಶಾಲೆ ಕಂಡವರಿಂದ ಬಂದಿರಬೇಕು ಅನ್ನೋದು ನನ್ನ ಊಹೆ. ಇದೇ ಭಾಗದಲ್ಲಿ ಮುಂದೆ ಬರೋ ಶಿಕ್ಷೆಯ ಮಾತನ್ನೂ ದೊರೆಗಳ ಕಟ್ಟುಕಥೆ ಅಂತ ತಳ್ಳಿಹಾಕೋದು ಅದಕ್ಕೇ ಕಷ್ಟ. ಇಲ್ಲಿ ಇನ್ನೊಂದು ಮಾತು ಸೇರಿಸ್ಬೇಕು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸೋ ಇಲ್ಲಿನ ಪದ್ಧತಿಯನ್ನ ಕ್ಯಾಂಪ್‌ಬೆಲ್ ಮನಸಾರೆ ಹೊಗಳಿದ್ದಾನೆ. ಬರೀ ದೂಷಿಸೋಕೆ ಕೂತವನಲ್ಲ.

ಬೆಳಗಿನ ಆರು ಗಂಟೆ

ಈಗ ಮುಖ್ಯ ವಿಷಯ. ಶಾಲೆ ಸಾಮಾನ್ಯವಾಗಿ ಆರು ಗಂಟೆಗೆ ಶುರು. ಮೊದಲು ಬಂದ ಮಗುವಿನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೀತಾರೆ, ಅದು ಗೌರವ. ಎರಡನೆಯದಕ್ಕೆ ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯದಕ್ಕೆ ಒಂದು ಮೆಲ್ಲನೆಯ ಏಟು. ನಾಲ್ಕನೆಯದಕ್ಕೆ ಎರಡು. ಆಮೇಲೆ ಬಂದವರಿಗೆಲ್ಲ ಒಂದೊಂದು ಜಾಸ್ತಿ.

ನಾನು ಸುಮ್ನೆ ಲೆಕ್ಕ ಹಾಕಿ ನೋಡಿದೆ. ವರದಿಯ ಪ್ರಕಾರವೇ ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಹನ್ನೆರಡನೆಯ ಮಗುವಿಗೆ 10 ಏಟು. ಎಲ್ಲಾ ಕೂಡಿಸಿದ್ರೆ ಪಾಠ ಶುರುವಾಗೋ ಮುಂಚೆಯೇ 55 ಏಟು. ಪ್ರತಿ ಶಾಲೆಯಲ್ಲೂ ದಿನಾ ಇಷ್ಟೇ ಬಿತ್ತು ಅಂತಲ್ಲ, ನಿಯಮವನ್ನ ಹಾಗೇ ನಡೆಸಿದರೆ ಆಗೋ ಮೊತ್ತ ಇದು.

ಇಲ್ಲಿ ಗಮನಿಸ್ಬೇಕಾದ್ದು ಏಟಿನ ಸಂಖ್ಯೆಗಿಂತ ನಿಯಮದ ರಚನೆ. ಈ ಏಟು ತಡವಾಗಿ ಬಂದದ್ದಕ್ಕಲ್ಲ, ಬಂದ ಸರದಿಗೆ. ಎಲ್ಲಾ ಮಕ್ಕಳೂ ಐದೂವರೆಗೇ ಬಂದು ನಿಂತರೂ ಒಬ್ಬರು ಹನ್ನೆರಡನೆಯವರಾಗಲೇಬೇಕು. ಮಗು ಎಷ್ಟು ಸರಿಯಾಗಿ ನಡ್ಕೊಂಡ್ರೂ ಎಲ್ಲರೂ ಏಟಿಲ್ಲದೆ ಒಳಗೆ ಹೋಗೋ ದಿನ ಬರೋದೇ ಇಲ್ಲ. ಇನ್ನು ಕೊನೆಯವರು ಯಾರಿರಬಹುದು? ಊರಾಚೆ ಮನೆಯವರು, ದನ ಬಿಟ್ಟು ಬರಬೇಕಾದವರು, ತಂಗಿಯನ್ನ ಎತ್ತಿಕೊಂಡು ಓಡೋವರು ಅಂತ ನನಗನ್ಸುತ್ತೆ. ವರದಿ ಇದನ್ನ ಹೇಳೋದಿಲ್ಲ, ಇದು ನನ್ನ ಓದು. ಆದ್ರೆ ಸರಸ್ವತಿಯ ಹೆಸರು ಗುರುಗಳ ಮನೆಯ ಪಕ್ಕದಲ್ಲಿದ್ದ ಮಗುವಿನ ಕೈಗೆ ಸುಲಭವಾಗಿ ಸಿಗ್ತಿತ್ತು ಅನ್ನೋದಕ್ಕೆ ದೊಡ್ಡ ಸಂಶೋಧನೆ ಬೇಕಾಗಿಲ್ಲ.

ಶಿಕ್ಷೆಯೋ ವ್ಯಾಯಾಮವೋ

ಸೋಮಾರಿ ಹುಡುಗನಿಗೆ ಇನ್ನೆರಡು ಶಿಕ್ಷೆ ಇದ್ದವು. ಒಂದು, ಎರಡೂ ಕೈ ಕಟ್ಟಿ ರಾಟೆಯಿಂದ ಸೂರಿಗೆ ನೇತುಹಾಕೋದು. ಕೂಲಿಮಠಗಳ ಕಾಲದ ನೆನಪಿನಲ್ಲಿ ಇದಕ್ಕೆ ‘ಕೋದಂಡ’ ಅನ್ನೋ ಹೆಸರಿದೆ. ಇನ್ನೊಂದು, ಬಿಡದೆ ಕೂತು ಏಳಿಸೋದು, ಅಂದ್ರೆ ನಮ್ಮ ಬಸ್ಕಿ. ಆದವಾನಿ ಕಡೆ ತೆಲುಗು ಮಕ್ಕಳ ಬಾಯಲ್ಲಿ ‘ಗುಂಜೀಲು’. ಬಸ್ಕಿಯ ಬಗ್ಗೆ ಬರೀತಾ ಕಲೆಕ್ಟರ್ ಒಂದು ವಿಚಿತ್ರ ಮಾತು ಸೇರಿಸ್ತಾನೆ: ಬಹಳ ನೋವಿನ, ಆಯಾಸದ ಶಿಕ್ಷೆ, ಆದ್ರೆ ಬಹುಶಃ ಆರೋಗ್ಯಕ್ಕೆ ಒಳ್ಳೇದಿರಬಹುದು ಅಂತ.

ಶಾಲೆಯ ದಿನಚರಿಯ ಆ ವರ್ಣನೆಯಲ್ಲಿ ಆಟದ ಮಾತೇ ಇಲ್ಲ. ಮಕ್ಕಳು ಆಡ್ತಿರಲಿಲ್ಲ ಅಂತಲ್ಲ. ಚಿಣ್ಣಿ ದಾಂಡು, ಲಗೋರಿ ಆಡೋಕೆ ಶಾಲೆಯ ಅಪ್ಪಣೆ ಬೇಕಿರಲಿಲ್ಲ. ಆದ್ರೆ ಶಾಲೆಯ ಒಳಗೆ ಮಗುವಿನ ಮೈ ಕುಣಿದದ್ದು, ಬೆವರಿದ್ದು ದಂಡನೆಯಾಗಿ ಮಾತ್ರ ದಾಖಲಾಗಿದೆ. ‘ಶಿಕ್ಷಾ’ ಅನ್ನೋ ಸಂಸ್ಕೃತ ಪದಕ್ಕೆ ಕಲಿಕೆ ಅಂತ ಅರ್ಥ, ಹಿಂದಿಯಲ್ಲಿ ಈಗಲೂ ಅದೇ. ಕನ್ನಡ, ತೆಲುಗು ಎರಡರಲ್ಲೂ ಅದು ದಂಡನೆ ಆಗಿದೆ. ನಮ್ಮ ವೇಳಾಪಟ್ಟಿಯಲ್ಲಿ ‘ದೈಹಿಕ ಶಿಕ್ಷಣ’, ಕಾನೂನಿನಲ್ಲಿ ‘ದೈಹಿಕ ಶಿಕ್ಷೆ’. ನಡುವೆ ಇರೋದು ಒಂದು ಪ್ರತ್ಯಯ. ನಾನು ಪ್ರೈಮರಿಯಲ್ಲಿ ಓದಿದ ಶಾಲೆಯ ಹೆಸರು ಬೇಡ, ಅಲ್ಲಿ ಮೈದಾನ ಸುತ್ತಿಸೋದು ಲೆಕ್ಕ ತಪ್ಪಿದವರಿಗೆ. ಹಾಗಾಗಿ ಓಟ ಅಂದ್ರೆ ಅವಮಾನ ಅಂತ ನಮ್ಮಲ್ಲಿ ಎಷ್ಟೋ ಜನ ಕಲ್ತ್ವಿ. ಕ್ಯಾಂಪ್‌ಬೆಲ್‌ನ ‘ಆರೋಗ್ಯಕ್ಕೆ ಒಳ್ಳೇದು’ ಅನ್ನೋ ಸಮಾಧಾನ ಇನ್ನೂ ಹೋಗಿಲ್ಲ.

ಆ ಕಾಲಕ್ಕೆ ಎಲ್ಲಾ ಕಡೆ ಹಾಗೇ ಇತ್ತಲ್ಲ ಅಂತ ಕೇಳಬಹುದು. ನಿಜ, ಇಂಗ್ಲೆಂಡಿನ ಶಾಲೆಗಳಲ್ಲೂ ಬೆತ್ತ ಆಡ್ತಿತ್ತು. ಅಲ್ಲಿ ಸರ್ಕಾರಿ ಶಾಲೆಗಳಲ್ಲಿ ಅದನ್ನ ನಿಲ್ಲಿಸಿದ್ದು 1986ರ ಕಾಯ್ದೆ. ಕ್ಯಾಂಪ್‌ಬೆಲ್ ನಮಗಿಂತ ಮೃದು ನಾಡಿನಿಂದ ಬಂದವನು ಅನ್ನೋದು ನನ್ನ ವಾದ ಅಲ್ಲ. ಹಳೇ ಶಾಲೆಯನ್ನ ಹೊಗಳೋಕೆ ಅವನ ಅಂಕಿಗಳನ್ನ ಬಳಸೋರು ಅದೇ ಕಾಗದದ ಏಟಿನ ಸಾಲುಗಳನ್ನೂ ಓದ್ಬೇಕು ಅನ್ನೋದಷ್ಟೇ ನನ್ನ ವಾದ.

ಸುಗ್ಗಿಗೆ ಹೋದ ಮಕ್ಕಳು

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತೆ. ಅದೇ ಕಾಯ್ದೆಯ ಅನುಸೂಚಿ ಆಟದ ಮೈದಾನ, ಆಟದ ಸಾಮಾನು ಇರಲೇಬೇಕು ಅನ್ನುತ್ತೆ. ನನ್ನ ವಿಷಯಕ್ಕೆ ಇನ್ನೂ ಹತ್ತಿರದ್ದು 15ನೇ ಕಲಂ: ವರ್ಷದ ನಡುವೆ ತಡವಾಗಿ ಬಂದ ಮಗುವನ್ನೂ ಸೇರಿಸಿಕೊಳ್ಳಬೇಕು. 1823ರ ನಿಯಮವನ್ನ ಇದು ನೇರವಾಗಿ ತಿರುಗಿಸಿ ಹಾಕುತ್ತೆ. ಕೊನೆಗೆ ಬಂದವರಿಗೆ ಏಟು ಜಾಸ್ತಿ ಇದ್ದಲ್ಲಿ, ಈಗ ಕೊನೆಗೆ ಬಂದವರಿಗೆ ಹಕ್ಕು.

ಪಶ್ಚಿಮ ಕರ್ನೂಲಿನಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ಮಳೆ ಕೈಕೊಟ್ಟಾಗ ಕೋಸಿಗಿ, ಕೌತಾಳ, ಮಂತ್ರಾಲಯ ಕಡೆಯ ಕುಟುಂಬಗಳು ಮೆಣಸಿನಕಾಯಿ, ಹತ್ತಿ ಬಿಡಿಸೋಕೆ ಗುಂಟೂರಿನ ಕಡೆಗೆ ಗುಳೆ ಹೋಗ್ತಾರೆ. ಇದಕ್ಕೆ ಅಲ್ಲಿಯ ಜನ ‘ಸುಗ್ಗಿಗೆ ಹೋಗೋದು’ ಅಂತಾರೆ. ಮಕ್ಕಳೂ ಜೊತೆಗೆ ಹೋಗ್ತಾರೆ, ತಿಂಗಳುಗಟ್ಟಲೆ ಬಿಟ್ಟು ವಾಪಸ್ ಬರ್ತಾರೆ. ಕನ್ನಡ ಮಾಧ್ಯಮದ ಮಗುವಿಗೆ ಆ ಊರಲ್ಲಿ ಕನ್ನಡ ಶಾಲೆಯೂ ಸಿಗೋದಿಲ್ಲ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕು ಅನ್ನೋ ಸಂವಿಧಾನದ 350ಎ ವಿಧಿ 1956ರಿಂದ ಇದೆ, ಆದ್ರೆ ಮಗು ನಿಂತಲ್ಲಿ ನಿಲ್ಲದಿದ್ದಾಗ ಅದು ಮಗುವಿನ ಹಿಂದೆ ಹೋಗೋದಿಲ್ಲ. ವಾಪಸ್ ಬಂದ ಮಗುವೇ ಇವತ್ತಿನ ಹನ್ನೆರಡನೆಯ ಮಗು. ಅದನ್ನ ತರಗತಿಯಲ್ಲಿ ಯಾವ ಸಾಲಿನಲ್ಲಿ ಕೂರಿಸ್ತೀವಿ, ಖೋಖೋ ತಂಡಕ್ಕೆ ಸೇರಿಸ್ತೀವೋ ಇಲ್ವೋ, ಇಷ್ಟು ದಿನ ಎಲ್ಲಿದ್ದೆ ಅಂತ ಯಾವ ದನಿಯಲ್ಲಿ ಕೇಳ್ತೀವಿ, ಇವೆಲ್ಲ ಆ ಮಗುವಿನ ಕ್ಷೇಮದ ಪ್ರಶ್ನೆಗಳೇ.

ಕೊನೆಯದಾಗಿ ಒಂದು ಸಲಹೆ. ಗಡಿ ಶಾಲೆಗಳ ಬಗ್ಗೆ ಕ್ಷೇತ್ರಕಾರ್ಯ ಮಾಡುವಾಗ ನಾವು ಶಾಲೆ ಎಷ್ಟು, ಮಕ್ಕಳೆಷ್ಟು, ಕನ್ನಡ ಮೇಷ್ಟ್ರು ಎಷ್ಟು ಅಂತ ಕೇಳ್ತೀವಿ. ಅದು ಮನ್ರೋ ಕೇಳಿದ ಪ್ರಶ್ನೆಯೇ. ಅದರ ಜೊತೆಗೆ ಇನ್ನೊಂದು ಕೇಳೋಣ: ಇವತ್ತು ಎಲ್ಲರಿಗಿಂತ ಕೊನೆಗೆ ಬಂದದ್ದು ಯಾರು, ಯಾಕೆ? ಆದವಾನಿ ಸೀಮೆಯ ಹಿರಿಯರಲ್ಲಿ ಸೊನ್ನೆ ಬರೆಸಿಕೊಂಡದ್ದನ್ನ, ಬಸ್ಕಿ ಹೊಡೆದದ್ದನ್ನ ಅಜ್ಜಂದಿರ ಬಾಯಿಂದ ಕೇಳಿದವರು ಇನ್ನೂ ಸಿಗಬಹುದು. ಅವರ ಮಾತು ದಾಖಲಾದ್ರೆ ಆ ಮಕ್ಕಳ ಬಗ್ಗೆ ಕಲೆಕ್ಟರನ ಕಾಗದವೊಂದನ್ನೇ ನಂಬೋದು ತಪ್ಪುತ್ತೆ.