ಮಹಾವಿಷ್ಣುವಿನ ಆರ್ಕೆಸ್ಟ್ರಾ ಮತ್ತು ಅದರ ಭಕ್ತರು

'ಮಹಾವಿಷ್ಣು ಆರ್ಕೆಸ್ಟ್ರಾ' ಅಂತ ಹೆಸರು ಕೇಳಿದ ಕೂಡಲೇ ನಿಮಗೆ ಗಣೇಶನ ಪೆಂಡಾಲು, ಕೆಂಪು ಹಸಿರು ಸೀರಿಯಲ್ ಸೆಟ್ಟು, ಮೈಕಿನಲ್ಲಿ ಮುಂದಿನ ಹಾಡಿನ ಹೆಸರು ಕೂಗುವ ನಿರೂಪಕ ಕಣ್ಮುಂದೆ ಬಂದರೆ ತಪ್ಪೇನಿಲ್ಲ. ನನ್ನ ರೂಮ್‌ಮೇಟಿಗೂ ಹಾಗೇ ಅನ್ನಿಸಿತ್ತು :) ಆದರೆ ಇದು 1971ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ 1973ರ ಡಿಸೆಂಬರಿನಲ್ಲಿ ಒಡೆದುಹೋದ, ಐದೇ ಜನರ ಒಂದು ಬ್ಯಾಂಡು. ಜಾಝ್ ಮತ್ತು ರಾಕ್ ಎರಡನ್ನೂ ಬೆರೆಸಿದ ಸಂಗೀತಕ್ಕೆ ಫ್ಯೂಷನ್ ಅನ್ನುತ್ತಾರಲ್ಲ, ಅದರ ದೊಡ್ಡ ಹೆಸರುಗಳಲ್ಲಿ ಇದೂ ಒಂದು. ಬದುಕಿದ್ದು ಎರಡೂವರೆ ವರ್ಷ. ಆಗ ಹೊರಬಂದ ಆಲ್ಬಮ್ಮುಗಳು ಮೂರು. ಇಷ್ಟು ಚಿಕ್ಕ ಆಯುಷ್ಯದ ಬ್ಯಾಂಡನ್ನು ನೇರವಾಗಿ ನೋಡಿದವರು ಐವತ್ತು ವರ್ಷ ಕಳೆದರೂ ಅದರ ಬಗ್ಗೆ ಮಾತಾಡುವ ಧಾಟಿ ಮಾತ್ರ ತಿರುಪತಿಗೆ ಹೋಗಿ ಬಂದವರ ಧಾಟಿ! ಯಾಕೆ ಹಾಗೆ ಅನ್ನುವುದೇ ನನ್ನ ಕುತೂಹಲ.

ಮೊದಲು ಐವರ ಪರಿಚಯ. ಗಿಟಾರಿನ ಜಾನ್ ಮೆಕ್‌ಲಾಫ್ಲಿನ್ ಇಂಗ್ಲೆಂಡಿನ ಯಾರ್ಕ್‌ಶೈರಿನವರು. 1969ರಲ್ಲಿ ಅಮೆರಿಕಕ್ಕೆ ಬಂದು ಮೈಲ್ಸ್ ಡೇವಿಸ್‌ರ 'ಇನ್ ಎ ಸೈಲೆಂಟ್ ವೇ', 'ಬಿಚಸ್ ಬ್ರೂ' ಆಲ್ಬಮ್ಮುಗಳಲ್ಲಿ ನುಡಿಸಿದವರು. 1970ರಲ್ಲಿ ಬಂಗಾಳ ಮೂಲದ ಗುರು ಶ್ರೀ ಚಿನ್ಮಯ್ ಅವರ ಶಿಷ್ಯರಾದರು. 'ಮಹಾವಿಷ್ಣು' ಅನ್ನುವುದು ಆ ಗುರು ಕೊಟ್ಟ ಹೆಸರು. ಡ್ರಮ್ಸಿನ ಬಿಲ್ಲಿ ಕಾಬಮ್ ಹುಟ್ಟಿದ್ದು ಪನಾಮಾದಲ್ಲಿ. ಕೀಬೋರ್ಡಿನ ಯಾನ್ ಹ್ಯಾಮರ್ ಪ್ರಾಗ್‌ನವರು, ಪಿಟೀಲಿನ ಜೆರ್ರಿ ಗುಡ್‌ಮನ್ ಶಿಕಾಗೋದವರು, ಬೇಸ್ ಗಿಟಾರಿನ ರಿಕ್ ಲೇರ್ಡ್ ಡಬ್ಲಿನ್‌ನವರು. ಐದು ಜನ, ಐದು ದೇಶ. ನಮ್ಮ ಪ್ರಾಜೆಕ್ಟ್ ಟೀಮುಗಳಲ್ಲೂ ಇಷ್ಟು ವೈವಿಧ್ಯ ಇರುತ್ತೆ ಬಿಡಿ, ಆದರೆ ಔಟ್‌ಪುಟ್ ಹೀಗಿರಲ್ಲ.

ಮೊದಲ ಕಾರ್ಯಕ್ರಮ 1971ರ ಜುಲೈನಲ್ಲಿ, ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ 'ಗ್ಯಾಸ್‌ಲೈಟ್' ಎಂಬ ಕ್ಲಬ್ಬಿನಲ್ಲಿ. ಅಲ್ಲಿ ಮುಖ್ಯ ಕಲಾವಿದರು ಬ್ಲೂಸ್ ಗಾಯಕ ಜಾನ್ ಲೀ ಹೂಕರ್, ಇವರದ್ದು ಅದಕ್ಕೂ ಮೊದಲಿನ ಪಾಳಿ. ಆ ಜಾಗದಲ್ಲಿ ನಿಮ್ಮನ್ನು ಕೂರಿಸಿಕೊಳ್ಳಿ. ಬ್ಲೂಸ್ ಕೇಳೋಣ ಅಂತ ಬಂದಿದ್ದೀರಿ. ಆಲ್ಬಮ್ ಇನ್ನೂ ಬಂದಿಲ್ಲ, ಹೆಸರೂ ಕೇಳಿಲ್ಲ. ಆಮೇಲಿನ ಕಾರ್ಯಕ್ರಮಗಳಲ್ಲಂತೂ ಬಿಳಿ ಬಟ್ಟೆಯ ಮನುಷ್ಯನೊಬ್ಬ ಎರಡು ಕತ್ತಿನ ಗಿಟಾರು ನೇತುಹಾಕಿಕೊಂಡು ಬಂದು (ಒಂದು ಕತ್ತಿಗೆ 12 ತಂತಿ, ಇನ್ನೊಂದಕ್ಕೆ 6), ಸ್ವಲ್ಪ ಹೊತ್ತು ಮೌನವಾಗಿರಿ ಅಂತ ಸಭಿಕರನ್ನು ಕೇಳಿಕೊಳ್ಳುವುದು ರೂಢಿಯೇ ಆಯಿತು. ರಾಕ್ ಕಛೇರಿಗೆ ಬಂದ ಹುಡುಗರು ಮೌನವಾಗಿ ನಿಲ್ಲುವುದು! ಆ ಮೌನದ ಹಿಂದೆಯೇ ಕಿವಿ ಗುಂಯ್ ಅನ್ನುವಷ್ಟು ಸದ್ದು. ಈ ಮೌನದ ಮಾತು ಹಳೇ ಅಭಿಮಾನಿಗಳ ನೆನಪುಗಳಲ್ಲಿ ತಪ್ಪದೇ ಬರುತ್ತದೆ.

ಆದರೆ ಸದ್ದು, ವೇಗ ಎರಡೂ ಬೇರೆ ಬ್ಯಾಂಡುಗಳಲ್ಲೂ ಇತ್ತು. ಇವರಲ್ಲಿ ಬೇರೆಯಾಗಿದ್ದದ್ದು ಲೆಕ್ಕ. ಪಾಶ್ಚಾತ್ಯ ಜನಪ್ರಿಯ ಸಂಗೀತ ಬಹುಪಾಲು ನಾಲ್ಕರ ಎಣಿಕೆಯಲ್ಲಿ ನಡೆಯುತ್ತದೆ. ಕೇಳುವವರ ಕಾಲು ತಂತಾನೇ ಕುಟ್ಟುತ್ತಿರುತ್ತದೆ. ಇವರ 'ಬರ್ಡ್ಸ್ ಆಫ್ ಫೈರ್' ನಡೆಯುವುದು 18ರ ಎಣಿಕೆಯಲ್ಲಿ. 'ಒನ್ ವರ್ಡ್' ಒಂದು ಹಂತದಿಂದಾಚೆ 13ರಲ್ಲಿ. 'ಡಾನ್ಸ್ ಆಫ್ ಮಾಯಾ' ಶುರುವಾಗುವುದು 10ರಲ್ಲಿ. ಪುರಂದರದಾಸರು ಹಾಕಿಕೊಟ್ಟದ್ದೆಂದು ನಾವು ನಂಬುವ ಅಲಂಕಾರಗಳನ್ನು ಕಲಿತವರಿಗೆ ಹತ್ತು ಹೊಸದಲ್ಲ, ಮಿಶ್ರ ಝಂಪೆಗೂ ಹತ್ತೇ ಅಕ್ಷರ. ಆದರೆ ಮಾಯೆಯ ಈ ನಾಟ್ಯದಲ್ಲಿ ಮಧ್ಯೆ ಇದ್ದಕ್ಕಿದ್ದಂತೆ ಒಂದು ಬ್ಲೂಸ್ ಬರುತ್ತದೆ, ಕೇಳಿದರೆ ಬೇರೆ ಹಾಡೇ ಅನ್ನಿಸುವಂಥದ್ದು. ಕೊನೆಯಲ್ಲಿ ಆ ಬ್ಲೂಸನ್ನೂ ಮೊದಲಿನ ಹತ್ತರ ಎಳೆಯನ್ನೂ ಒಂದರ ಮೇಲೊಂದು ಇಟ್ಟು ನುಡಿಸುತ್ತಾರೆ. ಎರಡೂ ಕೂಡುತ್ತವೆ. ಮೊದಲ ಸಲ ಇದು ಹೊಳೆದಾಗ ಆಫೀಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದವನು "ಅಯ್ಯೋ ದೇವ್ರೇ" ಅಂತ ಜೋರಾಗಿಯೇ ಅಂದುಬಿಟ್ಟೆ. ಪಕ್ಕದವರು ಸರ್ವರ್ ಬಿತ್ತು ಅಂದುಕೊಂಡರು.

ಸ್ಟುಡಿಯೋದ ಆಲ್ಬಮ್ಮಿನಲ್ಲಿ ಈ ಲೆಕ್ಕಗಳು ಹತ್ತು ನಿಮಿಷದೊಳಗೆ ಮುಗಿಯುತ್ತವೆ. ವೇದಿಕೆಯ ಮೇಲೆ ಅದೇ ಕೃತಿ ಇಪ್ಪತ್ತು ನಿಮಿಷ ದಾಟುವುದೂ ಇತ್ತು. ಗಿಟಾರು ಒಂದು ಮಾತು ಹೇಳುತ್ತದೆ, ಪಿಟೀಲು ಉತ್ತರ ಕೊಡುತ್ತದೆ, ಹ್ಯಾಮರ್‌ರ ಮಿನಿಮೂಗ್ ಸಿಂಥಸೈಜರ್ ಇಬ್ಬರಿಗೂ ಉತ್ತರ ಕೊಡುತ್ತದೆ. ಸಿಂಥಸೈಜರಿನ ಪಕ್ಕದ ಚಕ್ರ ತಿರುಗಿಸಿ ಸ್ವರವನ್ನು ಬಗ್ಗಿಸುತ್ತಿದ್ದರಾದ್ದರಿಂದ ಎಷ್ಟೋ ಕಡೆ ಯಾವುದು ಗಿಟಾರು, ಯಾವುದು ಕೀಬೋರ್ಡು ಅಂತ ತಿಳಿಯುವುದಿಲ್ಲ. ಸರದಿ ಬರುಬರುತ್ತಾ ಚಿಕ್ಕದಾಗುತ್ತದೆ. ನಮ್ಮ ತನಿ ಆವರ್ತನದಲ್ಲಿ ಮೃದಂಗದವರೂ ಘಟದವರೂ ನಾಲ್ಕು ಆವರ್ತ, ಎರಡು, ಒಂದು, ಅರ್ಧ ಅಂತ ಇಳಿಸುತ್ತಾ ಬಂದು ಕೊನೆಗೆ ಒಟ್ಟಿಗೆ ಸೇರುತ್ತಾರಲ್ಲ, ಹೆಚ್ಚುಕಮ್ಮಿ ಅದೇ. ಇದು ಪೂರ್ತಿ ಕಾಕತಾಳೀಯವೂ ಇರಲಿಕ್ಕಿಲ್ಲ. ಮೆಕ್‌ಲಾಫ್ಲಿನ್ ಆ ಕಾಲದಲ್ಲಿ ವೆಸ್ಲಿಯನ್ ವಿಶ್ವವಿದ್ಯಾಲಯಕ್ಕೆ ಹೋಗಿ ಎಸ್. ರಾಮನಾಥನ್ ಅವರ ಹತ್ತಿರ ವೀಣೆ ಕಲಿಯುತ್ತಿದ್ದರು.

ಹಾಗೆ ನೋಡಿ ಮರುಳಾದವರಲ್ಲಿ ಮೈಕೆಲ್ ವಾಲ್ಡನ್ ಎಂಬ ಯುವಕನೂ ಒಬ್ಬ. ಆತ ಡ್ರಮ್ಮರ್. ಮರುಳು ಎಲ್ಲಿಯವರೆಗೆ ಹೋಯಿತೆಂದರೆ, ಅದೇ ಗುರುವಿನ ಶಿಷ್ಯನಾಗಿ, 'ನಾರದ' ಎಂಬ ಹೆಸರು ಪಡೆದು, 1974ರಲ್ಲಿ ಹೊಸದಾಗಿ ಕಟ್ಟಿದ ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ ಕಾಬಮ್‌ರ ಜಾಗದಲ್ಲಿ ಕೂತರು! ಮುಂದೆ ವಿಟ್ನಿ ಹ್ಯೂಸ್ಟನ್‌ರ ಹಾಡುಗಳ ನಿರ್ಮಾಪಕರಾಗಿ ಹೆಸರು ಮಾಡಿದ್ದೂ ಇದೇ ನಾರದ ಮೈಕೆಲ್ ವಾಲ್ಡನ್.

ಇನ್ನು ನನ್ನ ತಕರಾರು. ಅಭಿಮಾನಿಗಳು ಈ ಕಾರ್ಯಕ್ರಮಗಳನ್ನು ನೆನೆಯುವಾಗ 'ದೈವಿಕ', 'ಐದು ದೇಹ ಒಂದೇ ಆತ್ಮ' ಅನ್ನುವ ಥರದ ಮಾತು ಬಹಳ ಬರುತ್ತದೆ. ಬ್ಯಾಂಡಿನ ಹೆಸರು, ಬಿಳಿ ಬಟ್ಟೆ, ಮೌನ ಎಲ್ಲ ಸೇರಿ ಆ ಕಡೆಗೇ ತಳ್ಳುತ್ತವೆ. ಆದರೆ ಶ್ರೀ ಚಿನ್ಮಯ್ ಶಿಷ್ಯರಾಗಿದ್ದವರು ಮೆಕ್‌ಲಾಫ್ಲಿನ್ ಒಬ್ಬರೇ. ಉಳಿದ ನಾಲ್ವರಿಗೆ ಆ ದಾರಿ ಬೇಕಿರಲಿಲ್ಲ. ಮೊದಲೆರಡು ಆಲ್ಬಮ್ಮುಗಳಲ್ಲಿ ಎಲ್ಲ ರಚನೆಗಳ ಮೇಲೂ ಮೆಕ್‌ಲಾಫ್ಲಿನ್ ಹೆಸರೊಂದೇ ಇತ್ತು, ಆ ಬಗ್ಗೆ ಒಳಗೊಳಗೇ ಅಸಮಾಧಾನವಿತ್ತು. 1973ರ ಜೂನಿನಲ್ಲಿ ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ ಮೂರನೇ ಸ್ಟುಡಿಯೋ ಆಲ್ಬಮ್ ಮಾಡಲು ಕೂತರು. ಈ ಸಲ ಗುಡ್‌ಮನ್, ಹ್ಯಾಮರ್, ಲೇರ್ಡ್ ಮೂವರ ರಚನೆಗಳೂ ಇದ್ದವು. ಕೆಲಸ ಬಹುಮಟ್ಟಿಗೆ ಆಗಿಯೂ ಆಲ್ಬಮ್ ಹೊರಬರಲಿಲ್ಲ. ಟೇಪುಗಳು ಕಪಾಟು ಸೇರಿದವು. ಅದೇ ವರ್ಷ 'ಕ್ರಾಡ್ಯಾಡಿ' ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಹ್ಯಾಮರ್ ಮತ್ತು ಗುಡ್‌ಮನ್ ಮನಸ್ಸಿನಲ್ಲಿದ್ದದ್ದನ್ನು ಬಹಿರಂಗವಾಗಿ ಹೇಳಿಬಿಟ್ಟರು. ಬೇರೆ ದಾರಿಯಿಲ್ಲದೆ, ಆಗಸ್ಟಿನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ನುಡಿಸಿದ್ದನ್ನೇ ಮೂರನೇ ಆಲ್ಬಮ್ ಆಗಿ ಬಿಡುಗಡೆ ಮಾಡಲಾಯಿತು. ಹೆಸರು 'ಬಿಟ್ವೀನ್ ನಥಿಂಗ್‌ನೆಸ್ ಅಂಡ್ ಇಟರ್ನಿಟಿ'. ಇರುವುದು ಮೂರೇ ಕೃತಿ, ಅದರಲ್ಲಿ 'ಡ್ರೀಮ್' ಒಂದೇ 21 ನಿಮಿಷ.

ಈಗ ಆ 'ಡ್ರೀಮ್' ಹಾಕಿಕೊಂಡು ಕೇಳಿ. ಟೇಪಿನ ಧ್ವನಿ ಅಷ್ಟೇನೂ ಚೆನ್ನಾಗಿಲ್ಲ, ಸ್ಟುಡಿಯೋದ ನಯ ಇಲ್ಲ. ಆದರೆ ಮೆಕ್‌ಲಾಫ್ಲಿನ್ ಮತ್ತು ಕಾಬಮ್ ಇಬ್ಬರೇ ಎದುರುಬದುರು ನಿಂತು ಓಡುವ ಜಾಗ ಬರುತ್ತದೆ. ಒಬ್ಬರ ಉಸಿರಿಗೆ ಇನ್ನೊಬ್ಬರ ಉತ್ತರ, ಅರ್ಧ ಕ್ಷಣ ತಡವಿಲ್ಲ. ಇನ್ನು ನಾಲ್ಕು ತಿಂಗಳಿಗೆ ಬ್ಯಾಂಡೇ ಇರುವುದಿಲ್ಲ ಅಂತ ಯಾರಾದರೂ ಹೇಳಬಲ್ಲರೇ? ಇದನ್ನು 'ಒಂದೇ ಆತ್ಮ' ಅಂದುಬಿಟ್ಟರೆ ಈ ಐವರ ದುಡಿಮೆಯನ್ನು ಕಮ್ಮಿ ಮಾಡಿದ ಹಾಗೆ. ಒಬ್ಬರ ಮೇಲೊಬ್ಬರಿಗೆ ಮುನಿಸಿತ್ತು, ನಂಬಿಕೆ ಬೇರೆ ಬೇರೆ, ಆದರೂ ವೇದಿಕೆ ಹತ್ತಿದ ಮೇಲೆ ಇನ್ನೊಬ್ಬ ಏನು ನುಡಿಸುತ್ತಿದ್ದಾನೆ ಅಂತ ಕಿವಿಗೊಡುವುದನ್ನು ನಿಲ್ಲಿಸಲಿಲ್ಲ. ಎರಡು ವರ್ಷ ಊರೂರು ಸುತ್ತಿ, ಅದೇ ಲೆಕ್ಕವನ್ನು ದಿನಾ ನುಡಿಸಿ ಬಂದ ಅಭ್ಯಾಸ ಅದು. ಅಭಿಮಾನಿಗಳು ಕಂಡದ್ದು ಸುಳ್ಳಲ್ಲ, ಅದಕ್ಕೆ ಅವರು ಕೊಡುವ ಕಾರಣ ಮಾತ್ರ ನನಗೆ ಒಪ್ಪಿಗೆಯಿಲ್ಲ. ನೀವೇನಂತೀರಾ?

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ, ನಮ್ಮವರಿಗೆ ಗೊತ್ತಿರುವ ಕಥೆಯೇ. ಮೆಕ್‌ಲಾಫ್ಲಿನ್ ನೆಲದ ಮೇಲೆ ಕೂತು ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಅವರೊಂದಿಗೆ 'ಶಕ್ತಿ' ಕಟ್ಟಿದರು. ಅದರ ಮೊದಲ ಆಲ್ಬಮ್ಮೂ 1975ರಲ್ಲಿ ನೇರ ಕಛೇರಿಯಲ್ಲೇ ಮುದ್ರಿಸಿಕೊಂಡದ್ದು. 2023ರ ಜನವರಿಯಲ್ಲಿ ಹೊಸ ಸದಸ್ಯರ 'ಶಕ್ತಿ' ಬೆಂಗಳೂರಿಗೂ ಬಂದಿತ್ತು. 2024ರ ಡಿಸೆಂಬರಿನಲ್ಲಿ ಜಾಕಿರ್ ತೀರಿಕೊಂಡರು. ಮಹಾವಿಷ್ಣುವಿನ ಸಂಗೀತವನ್ನು ಮೆಕ್‌ಲಾಫ್ಲಿನ್ 2017ರಲ್ಲಿ ಅಮೆರಿಕದ ತಮ್ಮ ವಿದಾಯ ಪ್ರವಾಸದಲ್ಲಿ ಮತ್ತೆ ನುಡಿಸಿದರು. ಆದರೆ ಮೊದಲಿನ ಆ ಐವರು ಮತ್ತೆಂದೂ ಒಟ್ಟಿಗೆ ವೇದಿಕೆ ಹತ್ತಲಿಲ್ಲ.

ಈ ಐವರಲ್ಲಿ ಅಭಿಮಾನಿಗಳ ಬಾಯಲ್ಲಿ ಅತಿ ಕಡಿಮೆ ಬರುವ ಹೆಸರು ರಿಕ್ ಲೇರ್ಡ್‌ರದ್ದು. ನಾಲ್ವರೂ ಆಕಾಶದಲ್ಲಿ ಹಾರುವಾಗ 10, 13, 18ರ ಲೆಕ್ಕವನ್ನು ಅಲುಗದೆ ಹಿಡಿದು ನಿಂತವರು ಅವರು. ಟ್ರೈಡೆಂಟ್ ಟೇಪುಗಳಲ್ಲಿ ಅವರದ್ದೇ ರಚನೆ 'ಸ್ಟೆಪಿಂಗ್ಸ್ ಟೋನ್ಸ್' ಇತ್ತು. ಆ ಟೇಪುಗಳು ಸಿ.ಡಿ. ಆಗಿ ಹೊರಬಂದದ್ದು 1999ರಲ್ಲಿ, ಅಂದರೆ 26 ವರ್ಷದ ಮೇಲೆ. ಅಷ್ಟರಲ್ಲಿ ಲೇರ್ಡ್ ಬೇಸ್ ಕೆಳಗಿಟ್ಟು ಕ್ಯಾಮೆರಾ ಹಿಡಿದು ಎಷ್ಟೋ ವರ್ಷಗಳಾಗಿದ್ದವು. ಫೋಟೋಗ್ರಫಿಯೇ ಅವರ ವೃತ್ತಿಯಾಗಿತ್ತು. 2021ರ ಜುಲೈನಲ್ಲಿ ತೀರಿಕೊಂಡರು. ಸಾಧ್ಯವಾದರೆ 'ಡ್ರೀಮ್' ಅನ್ನು ಎರಡನೇ ಸಲ ಕೇಳುವಾಗ ಗಿಟಾರು, ಪಿಟೀಲು ಎಲ್ಲ ಬಿಟ್ಟು ಬೇಸನ್ನಷ್ಟೇ ಹಿಂಬಾಲಿಸಿ ನೋಡಿ. ಒಳ್ಳೆ ಹೆಡ್‌ಫೋನ್ ಬೇಕಾಗುತ್ತದೆ, ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಕೇಳಿಸುವುದಿಲ್ಲ.