ಎರಡು ಕಿವಿಯ ಮೈಕು

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಕಣ್ಣು ಮುಚ್ಚಿ ಕುಳಿತು, ಗೆಳೆಯನೊಬ್ಬನಿಗೆ ಚಪ್ಪಾಳೆ ತಟ್ಟುತ್ತಾ ನಿಮ್ಮ ಸುತ್ತ ನಡೆಯಲು ಹೇಳಿ. ಅವನು ಎಡಕ್ಕಿದ್ದಾನೋ ಬಲಕ್ಕಿದ್ದಾನೋ ನೀವು ಕೂಡಲೇ ಬೆರಳು ಮಾಡಿ ತೋರಿಸಬಲ್ಲಿರಿ. ಈಗ ಒಂದು ಕಿವಿಯನ್ನು ಬಿಗಿಯಾಗಿ ಮುಚ್ಚಿಕೊಂಡು ಮತ್ತೆ ಪ್ರಯತ್ನಿಸಿ. ಬೆರಳು ತಡವರಿಸುತ್ತದೆ.

1931ರ ಟಾಕಿ ಚಿತ್ರಗಳ ಪಾಡು ಈ ಒಂಟಿ ಕಿವಿಯದೇ ಆಗಿತ್ತು. ನಟ ತೆರೆಯ ಯಾವ ಮೂಲೆಗೆ ಹೋದರೂ ಅವನ ಮಾತು ಒಂದೇ ಜಾಗದಿಂದ ಹೊರಡುತ್ತಿತ್ತು. ಚಿತ್ರಮಂದಿರವೊಂದರಲ್ಲಿ ಇದನ್ನು ಗಮನಿಸಿದ ಬ್ರಿಟನ್ನಿನ ಎಂಜಿನಿಯರ್ ಅಲನ್ ಬ್ಲಮ್‌ಲೈನ್, ಸರಿಪಡಿಸುವ ದಾರಿ ತನಗೆ ಗೊತ್ತು ಎಂದರಂತೆ. ಕಥೆ ಹೇಗೇ ಇರಲಿ, ಅದೇ ಡಿಸೆಂಬರ್ 14ರಂದು ಅವರು ಪೇಟೆಂಟಿಗೆ ಅರ್ಜಿ ಸಲ್ಲಿಸಿದ್ದಂತೂ ನಿಜ. ಆಗ ಅವರಿಗೆ 28 ವರ್ಷ.

ಎರಡು ಕಿವಿಗೆ ಎರಡು ಮೈಕು ಎಂಬ ಯೋಚನೆ ಹಳೆಯದು. 1881ರಲ್ಲೇ ಪ್ಯಾರಿಸ್ಸಿನಲ್ಲಿ ಕ್ಲೆಮೆಂ ಅದೇರ್ ಎಂಬವರು ಒಪೆರಾ ಸಂಗೀತವನ್ನು ಜೋಡಿ ಟೆಲಿಫೋನುಗಳಲ್ಲಿ ಕೇಳಿಸಿದ್ದರು. ಬ್ಲಮ್‌ಲೈನ್ ಸೂಚಿಸಿದ ವಿಧಾನಗಳಲ್ಲೊಂದು ಬೇರೆಯೇ ಬಗೆಯದು. ಮೈಕುಗಳನ್ನು ದೂರ ದೂರ ಇಡದೆ ಒಂದೇ ಜಾಗದಲ್ಲಿ, 90 ಡಿಗ್ರಿ ಕೋನದಲ್ಲಿ ಅಡ್ಡಲಾಗಿ ನಿಲ್ಲಿಸುವುದು! ಹಿಂದೆ ಮುಂದೆ ಸಮನಾಗಿ ಕೇಳಿಸಿಕೊಂಡು, ಪಕ್ಕಗಳಿಗೆ ಕಿವುಡಾಗಿರುವ ಮೈಕುಗಳಿವು. ಇವುಗಳ ಗ್ರಹಣಶಕ್ತಿಯನ್ನು ಚಿತ್ರಿಸಿದರೆ 8 ಬರೆದಂತಿರುತ್ತದೆ. (ಕನ್ನಡದ ೮ ಅಲ್ಲ, ಇಂಗ್ಲಿಷಿನದು.) ಎಡಗಡೆಯ ಪಿಟೀಲು ಎಡಕ್ಕೆ ಮುಖಮಾಡಿದ ಮೈಕಿನಲ್ಲಿ ಜೋರಾಗಿ, ಇನ್ನೊಂದರಲ್ಲಿ ಕ್ಷೀಣವಾಗಿ ದಾಖಲಾಗುತ್ತದೆ. ನಡುವಿನ ಗಾಯಕನ ದನಿ ಎರಡರಲ್ಲೂ ಸಮ. ಶಬ್ದ ಎರಡನ್ನೂ ಒಟ್ಟಿಗೇ ಮುಟ್ಟುವುದರಿಂದ ವ್ಯತ್ಯಾಸವಿರುವುದು ಜೋರಿನಲ್ಲಿ ಮಾತ್ರ. ಅಷ್ಟೇ ಸಾಕು! ಎರಡು ಧ್ವನಿವರ್ಧಕಗಳ ಮುಂದೆ ಕುಳಿತ ನಿಮಗೆ, ಅವುಗಳ ನಡುವಿನ ಬರಿದಾದ ಜಾಗದಲ್ಲಿ ಗಾಯಕ ನಿಂತಂತೆ ಭಾಸವಾಗುತ್ತದೆ.

1934ರ ಜನವರಿಯಲ್ಲಿ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಥಾಮಸ್ ಬೀಚಮ್ ನಡೆಸಿಕೊಟ್ಟ ಮೊಟ್ಸಾರ್ಟ್ ಸಂಗೀತದ ಪ್ರಾಯೋಗಿಕ ಸ್ಟೀರಿಯೋ ಮುದ್ರಣವಾಯಿತು. 1935ರಲ್ಲಿ, ನಡೆದಾಡುವವರನ್ನು ಅವರ ಮಾತೂ ಹಿಂಬಾಲಿಸುವ ಕಿರುಚಿತ್ರಗಳು ತಯಾರಾದವು. ಆದರೆ ಇದನ್ನು ಕೊಳ್ಳುವವರಾರು? ಕಂಪನಿ ಅವರನ್ನು ಟೆಲಿವಿಷನ್ ಕೆಲಸಕ್ಕೆ ಹಚ್ಚಿತು. ಆಮೇಲೆ ಯುದ್ಧ ಬಂತು, ರೇಡಾರ್ ಬಂತು. 1942ರ ಜೂನ್ 7ರಂದು ರೇಡಾರ್ ಪರೀಕ್ಷೆಗೆ ಹೊರಟಿದ್ದ ಹ್ಯಾಲಿಫ್ಯಾಕ್ಸ್ ವಿಮಾನ ಉರುಳಿ, ಅದರಲ್ಲಿದ್ದ 11 ಮಂದಿಯೂ ಸತ್ತರು. ಅವರಲ್ಲಿ 38 ವರ್ಷದ ಬ್ಲಮ್‌ಲೈನ್ ಒಬ್ಬರು. ಕೆಲಸ ಗುಟ್ಟಿನದಾದ್ದರಿಂದ ಸಾವಿನ ಸುದ್ದಿಯೂ ಗುಟ್ಟಾಯಿತು.

ಅಂಗಡಿಗಳಿಗೆ ಸ್ಟೀರಿಯೋ ಗ್ರಾಮಫೋನ್ ತಟ್ಟೆ ಬಂದದ್ದು 1958ರ ಸುಮಾರಿಗೆ. ಒಂದೇ ಗೀರಿನ ಎರಡು ಗೋಡೆಗಳಲ್ಲಿ ಎಡ ಬಲ ದನಿಗಳನ್ನು ಕೊರೆಯುವ ಆ ಉಪಾಯವೂ ಅವರ ಪೇಟೆಂಟಿನಲ್ಲಿ ಆಗಲೇ ಇತ್ತು! 1950ರ ದಶಕದಲ್ಲೇ ಜರ್ಮನಿಯ ನಾಯ್‌ಮನ್ ಕಂಪನಿ, ಶಬ್ದ ಹಿಡಿಯುವ ಎರಡು ಕ್ಯಾಪ್ಸೂಲುಗಳನ್ನು ಒಂದರ ಮೇಲೊಂದಿಟ್ಟು ಒಂದೇ ಮೈಕು ಮಾಡಿತು. ಮೇಲಿನದನ್ನು ತಿರುಗಿಸಿ ಕೋನ ಬದಲಿಸಬಹುದಿತ್ತು.

1970ರ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿ ಓದಿದ ಮೈಕೆಲ್ ಗರ್ಜನ್ ಮತ್ತು ಪೀಟರ್ ಕ್ರೇವನ್ ಎರಡರ ಬದಲು ನಾಲ್ಕು ಕ್ಯಾಪ್ಸೂಲುಗಳನ್ನು ಚತುರ್ಮುಖಿಯ ಆಕಾರದಲ್ಲಿ ಜೋಡಿಸಿದರು. ಎಡ ಬಲಗಳ ಜೊತೆಗೆ ಹಿಂದು ಮುಂದು, ಮೇಲು ಕೆಳಗುಗಳೂ ಅದಕ್ಕೆ ಸಿಕ್ಕವು. ಈ ಮೈಕಿನಲ್ಲಿ ಹಿಡಿದ ಕಚೇರಿ ಮುಗಿದು ಎಲ್ಲರೂ ಮನೆಗೆ ಹೋದ ಮೇಲೂ, ಅದು ಯಾವ ಕಡೆಗೆ ಮುಖಮಾಡಿರಬೇಕಿತ್ತೆಂಬುದನ್ನು ನೀವು ಸಾವಕಾಶವಾಗಿ ತೀರ್ಮಾನಿಸಬಹುದು.